ಕಣಜದ ಕಸ

ಕಾಫಿ ಒಣಗಿಸುವ ಕಣವನ್ನು ದೊಡ್ಡದು ಮಾಡಲು ದಿಬ್ಬ ಕಡಿಸುವಾಗ ಹಸಿ ಇಟ್ಟಿಗೆಯ ಗೋಡೆಯೊಂದು ಕಂಡಿತು. ನಮ್ಮ ಯಜಮಾನರು ಕೆಲಸ ನಿಲ್ಲಿಸಿ ಸುದ್ದಿ ಮುಟ್ಟಿಸಿದರು. ಪ್ರಾಚ್ಯವಸ್ತು ಇಲಾಖೆಯವರು ಬಂದರು. ಒಬ್ಬರು ಮೇಡಂ, ಜೊತೆಗೆ ನಾಲ್ಕು ಜನ. ವಾರವಿಡೀ ಕರಣೆ, ಬ್ರಶ್ಶು ಹಿಡಿದು ಮಣ್ಣು ಸರಿಸಿದರು. ಎದೆಮಟ್ಟದ ನಾಲ್ಕು ಗೋಡೆ ತೆರೆದುಕೊಂಡವು. ಬಾಗಿಲಿಲ್ಲ, ಕಿಟಕಿಯಿಲ್ಲ. ಒಂದು ಗೋಡೆಯ ಬುಡದಲ್ಲಿ ಮಾತ್ರ ಅಂಗೈಯಗಲದ ಕಂಡಿ.

ಇದು ಗರ್ಭಗುಡಿಯೇ, ಕಂಡಿ ದೀಪದ ಗೂಡು ಎಂದು ನನಗೆ ಅನ್ನಿಸಿಬಿಟ್ಟಿತು. ಯಾರನ್ನೂ ಕೇಳಲಿಲ್ಲ. ಭಾನುವಾರ ಅವರೆಲ್ಲ ಕಳಸದ ಪೇಟೆಗೆ ಹೋಗಿದ್ದಾಗ, ನಮ್ಮ ಕೊಟ್ಟಿಗೆ ಕೆಲಸಕ್ಕೆ ಬರುವ ಹೆಂಗಸಿನ ಕೈಗೆ ಬುಟ್ಟಿ ಕೊಟ್ಟು ನಾನೇ ಒಳಗಿಳಿದೆ. ತಳದಲ್ಲಿದ್ದ ಕಪ್ಪು ಪುಡಿಯನ್ನೆಲ್ಲ ಗುಡಿಸಿದೆ.

"ಮುಟ್ಬೇಡಿ ಅಂದಿದ್ರಲ್ಲ ಅಮ್ಮ, ಅವ್ರು?" ಎಂದಳು.

"ದೇವ್ರ ಜಾಗ ಮಾರಾಯ್ತಿ. ಕಸ ಇಟ್ಕೊಂಡು ದೀಪ ಹಚ್ಚಕ್ಕಾಗುತ್ತಾ?"

ಮೂರು ಬುಟ್ಟಿ ಕಸ ಹಿತ್ತಲಿನ ದಾಸವಾಳದ ಬುಡಕ್ಕೆ ಹೋಯಿತು. ಸಗಣಿ ಸಾರಿಸಿ, ಕಂಡಿಯಲ್ಲಿ ದೀಪವಿಟ್ಟು ಕೈಮುಗಿದೆ.

ಸೋಮವಾರ ಅದನ್ನು ನೋಡಿದ ಮೇಡಂ ಮಣ್ಣಿನ ಗುಡ್ಡೆಯ ಮೇಲೆ ಕುಸಿದು ಕೂತರು. "ಇದು ಗುಡಿ ಅಲ್ಲ, ಕಣಜ. ಮೇಲಿಂದ ಕಾಳು ಸುರಿದು, ಆ ಕಂಡಿಯಿಂದ ತೆಗೀತಿದ್ರು. ತಳದಲ್ಲಿ ಸುಟ್ಟ ಕಾಳು ಹಾಗೇ ಇತ್ತು. ಏನು ತುಂಬಿಡ್ತಿದ್ರು, ಯಾವ ಕಾಲದ್ದು, ಎಲ್ಲಾ ಅದರಿಂದಲೇ ಗೊತ್ತಾಗ್ಬೇಕಿತ್ತು. ಯಾರು ಗುಡಿಸಿದ್ದು?"

"ದೀಪ ಇಟ್ಟಿದ್ದು ನಾನು" ಎಂದೆ. ಅಷ್ಟನ್ನೇ ಹೇಳಿದೆ.

ಮೇಡಂ, ಸಗಣಿ ಬುಟ್ಟಿ ಹೊತ್ತು ಬರುತ್ತಿದ್ದ ಕೊಟ್ಟಿಗೆ ಕೆಲಸದವಳತ್ತ ತಿರುಗಿದರು. "ಎಷ್ಟು ಸಲ ಹೇಳಿದ್ದೆ ನಿಮ್ಗೆ? ಇನ್ಮೇಲೆ ಈ ಕಡೆ ಕಾಲಿಡ್ಬೇಡಿ."

ಅವಳು ಒಮ್ಮೆ ನನ್ನ ಮುಖ ನೋಡಿದಳು. "ತಪ್ಪಾಯ್ತು ಮೇಡಂ" ಎಂದು ಹೊರಟುಹೋದಳು.

ಸಂಜೆ ದೇವರ ಮುಂದೆ ಕೂತು ಅಂದಿನ ಒಳ್ಳೆಯದನ್ನು ಒಂದೊಂದಾಗಿ ನೆನೆಯುವುದು ನನ್ನ ರೂಢಿ. ಗಬ್ಬದ ಹಸು ಸುಖವಾಗಿ ಕರು ಹಾಕಿತು. ಯಜಮಾನರ ಮಂಡಿನೋವು ಇಳಿದಿದೆ. ಮಾತು ನನ್ನ ಮೇಲೆ ಬರಲಿಲ್ಲ, ನಿನ್ನ ದಯೆ ತಂದೆ. ಇಷ್ಟು ಹೇಳಿ ಮುಗಿಸಿದ ಮೇಲೆ ಮೂರನೆಯದು ಏನೆಂದು ನನಗೇ ಕೇಳಿಸಿತು. ಅವಳನ್ನು ಬೈಸಿ ಉಳಿಸಿಕೊಂಡ ಮಾನವನ್ನು ದೇವರ ಲೆಕ್ಕಕ್ಕೆ ಹಾಕಿದ್ದೆ. ಆರತಿ ತಟ್ಟೆ ಎತ್ತಲು ಕೈ ಬರಲಿಲ್ಲ.

ಬೆಳಿಗ್ಗೆ ಅವಳನ್ನು ಕರೆದುಕೊಂಡೇ ಅಗೆತದ ಜಾಗಕ್ಕೆ ಹೋದೆ. ಎಲ್ಲರೆದುರು ಹೇಳಿದೆ: "ಪೊರಕೆ ಹಿಡಿದಿದ್ದು ನಾನು. ಇವಳು ಬೇಡ ಅಂದಿದ್ದಳು. ಕಸ ಹಿತ್ತಲ ದಾಸವಾಳದ ಬುಡದಲ್ಲಿದೆ."

"ಇದನ್ನ ನಿನ್ನೆನೇ ಅಂದಿದ್ರೆ ಒಂದ್ ತುತ್ತು ಗಂಟ್ಲಲ್ಲಿ ಇಳೀತಿತ್ತಲ್ಲ ಮಾರಾಯ್ರೇ" ಎಂದಳು ಅವಳು, ನೆಲ ನೋಡುತ್ತ.

ಮೇಡಂ ಜೊತೆಯವರು ದಾಸವಾಳದ ಬುಡದ ಮಣ್ಣನ್ನು ಬಕೆಟ್ಟಿನ ನೀರಿಗೆ ಹಾಕಿ ಕದಡಿದರು. ತೇಲಿದ್ದನ್ನು ಅವಳೇ ಜರಡಿಯಲ್ಲಿ ಹಿಡಿದಳು. ಸುಟ್ಟು ಕರಿಯಾದ ಕಾಳು ಅರ್ಧ ಹಿಡಿಯಷ್ಟು ಸಿಕ್ಕಿತು.

"ಭತ್ತ" ಎಂದರು ಮೇಡಂ. "ಆದ್ರೆ ಹಿತ್ತಲ ಮಣ್ಣಲ್ಲಿ ಬೆರೆತುಹೋಗಿದೆ. ಕಣಜದ್ದೇ ಅಂತ ಬರೆಯೋ ಹಾಗಿಲ್ಲ." ಆಮೇಲೆ ಅವಳ ಭುಜ ಮುಟ್ಟಿ, "ಸಾರಿ ಅಮ್ಮ, ಸುಮ್ಸುಮ್ನೆ ಬೈದುಬಿಟ್ಟೆ" ಎಂದರು.

ಆಗ ಹೊಳೆಯಿತು. ನಿಜ ಹೇಳಿ ಹಗುರಾಗಿ ನಿಂತಿದ್ದ ನಾನು, ಅವಳಲ್ಲಿ ಕ್ಷಮೆ ಕೇಳುವುದನ್ನೇ ಮರೆತಿದ್ದೆ.