ಕಾಲುವೆಗೆ ಬಿಟ್ಟ ಪೈಪು

ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುತ್ತಿದ್ದ ನಾನು ವೆನಿಸ್ ನಗರದ ಕಾಲುವೆಗಳ ಬಗ್ಗೆ ಬಹಳ ಹುರುಪಿನಿಂದ ಮಾತಾಡುತ್ತಿದ್ದೆ. ಅಲ್ಲಿ ತರಕಾರಿಯೂ ಮದುವೆಯ ದಿಬ್ಬಣವೂ ದೋಣಿಯಲ್ಲೇ ಹೋಗುತ್ತವೆ ಎಂದಾಗ ಮಕ್ಕಳು ಬಾಯಿ ಬಿಟ್ಟು ಕೇಳುತ್ತಿದ್ದರು. ರಾಣೆಬೆನ್ನೂರಿನ ನಮ್ಮ ಮನೆಯ ಹಿಂದೆಯೇ ಒಂದು ಹಳೆಯ ಕಾಲುವೆ ಇದೆಯೆಂದು ಮಾತ್ರ ಯಾವತ್ತೂ ಹೇಳಲಿಲ್ಲ. ಕೆರೆ ತುಂಬಿದಾಗ ನೀರು ಊರೊಳಗಿಂದ ಹಾದುಹೋಗಲೆಂದು ಹಿಂದಿನವರು ಕಲ್ಲಿನಲ್ಲಿ ಕಟ್ಟಿದ್ದು. ಪಕ್ಕದ ಮನೆಯ ವಯಸ್ಸಾದ ನೇಕಾರರು, ತಮ್ಮ ತಾಯಿ ಅದರಲ್ಲಿ ನೂಲು ತೊಳೆಯುತ್ತಿದ್ದಳು ಎನ್ನುತ್ತಿದ್ದರು. ನಾನು ಕಂಡಿದ್ದು ಕಪ್ಪು ರಾಡಿ, ಉಬ್ಬಿದ ಸತ್ತ ಹಂದಿ, ಕೋಳಿಯ ಪುಕ್ಕ, ಮಕ್ಕಳ ಡೈಪರು. ನಾತ ತಾಳದೆ ಹಿಂದಿನ ಕಿಟಕಿಗೆ ಮೊಳೆ ಹೊಡೆದಿದ್ದೆವು.

ಹೋದ ವರ್ಷ ಯುಗಾದಿ ಮುಗಿದ ಮೇಲೆ ಒಂದು ಬೆಳಿಗ್ಗೆ ನೇಕಾರರ ಕರು ಅದರೊಳಗೆ ಬಿತ್ತು. ಅವರು ಧೋತರ ಮೇಲೆತ್ತಿ ಕಟ್ಟಿ ಇಳಿದೇಬಿಟ್ಟರು. ನನಗೆ ಇಳಿಯಲು ಹೇಸಿಗೆ. ದಂಡೆಯ ಮೇಲೆ ನಿಂತು ಹಗ್ಗ ಹಿಡಿದೆ.

"ಮಾಸ್ತರ, ಸಾವಕಾಶ ಜಗ್ರಿ, ಕುತ್ತಿಗಿಗೆ ಬಿಗಿತೈತಿ," ಎಂದು ಅವರು ಕರುವಿನ ಹೊಟ್ಟೆಯಡಿ ಭುಜ ಕೊಟ್ಟು ಬಾಗಿದರು.

ಆಗಲೇ ಗೋಡೆಯ ಪೈಪಿನಿಂದ ಹೇಲು ನೀರು ಅವರ ಬೆನ್ನ ಮೇಲೆ ಸುರಿಯಿತು. ಅದು ನಮ್ಮ ಮನೆಯ ಪೈಪು. ಒಳಗೆ ಯಾರೋ ಫ್ಲಶ್ ಒತ್ತಿದ್ದರು. ಮನೆ ಕಟ್ಟುವಾಗ, ಕಕ್ಕಸಿಗೆ ಗುಂಡಿ ತೋಡಿದರೆ ಕಾರು ನಿಲ್ಲಿಸಲು ಜಾಗ ಉಳಿಯುವುದಿಲ್ಲವೆಂದು ಅದನ್ನು ಕಾಲುವೆಗೆ ಬಿಡಿಸಿದ್ದವನು ನಾನೇ.

ಅವರು ಕರುವನ್ನು ಬಿಡಲಿಲ್ಲ. ನಾನು ಹಗ್ಗ ಹಿಡಿದುಕೊಂಡೇ ಪಕ್ಕಕ್ಕೆ ತಿರುಗಿ ವಾಂತಿ ಮಾಡಿಕೊಂಡೆ. ಕರು ಮೇಲೆ ಬಂದ ನಂತರ, "ಒಳಗ ಬರ್ರಿ ಕಾಕಾ, ಬಚ್ಚಲದಾಗ ಬಿಸಿನೀರ ಅದಾವ," ಎಂದೆ.

ಅವರು ಪೈಪನ್ನೊಮ್ಮೆ ನೋಡಿದರು. "ಆ ಬಚ್ಚಲ ನೀರೂ ಇಲ್ಲೇ ಬೀಳ್ತಾವಲ್ರಿ," ಎಂದಷ್ಟೇ ಹೇಳಿ ಕರುವನ್ನು ಹೊಡೆದುಕೊಂಡು ತಮ್ಮ ಮನೆಗೆ ಹೋದರು.

ಆ ವಾರವೇ ಅಂಗಳ ಅಗೆಸಿ ಗುಂಡಿ ಮಾಡಿಸಿದೆ. ಕಾರು ಈಗ ಬೀದಿಯಲ್ಲಿ ನಿಲ್ಲುತ್ತದೆ. ಓಣಿಯವರಿಗೂ ಹೇಳಿ ನೋಡಿದೆ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ವ್ಯಾಪಾರ ಮಾಡುವ ಎದುರುಮನೆಯವರು, "ನೀವೊಬ್ರು ಬಂದ್ ಮಾಡಿದ್ರ ನಾರೂದು ನಿಂತೀತೇನ್ರಿ?" ಎಂದು ಮೂಗಿಗೆ ಕರ್ಚೀಫು ಹಿಡಿದುಕೊಂಡೇ ನಕ್ಕರು. ನಿಂತಿಲ್ಲ. ಉಳಿದ ಮನೆಗಳ ಪೈಪುಗಳು ಇನ್ನೂ ಸುರಿಯುತ್ತಿವೆ. ನೇಕಾರರು ಮೊದಲಿನಂತೆಯೇ ಮಾತಾಡಿಸುತ್ತಾರೆ, ಆದರೆ ನಮ್ಮ ಮನೆಯಲ್ಲಿ ಚಹಾ ಕುಡಿಯುವುದಿಲ್ಲ. ಒತ್ತಾಯ ಮಾಡುವ ಮುಖ ನನಗಿಲ್ಲ.