ಬೆಳಕು ನೋಡುವ ಸೇಸಮ್ಮ

ಬಂಟ್ವಾಳದ ಹೆದ್ದಾರಿ ಬದಿಯ ಯಾರ್ಡಿಗೆ ಖಾಲಿ ಕಂಟೇನರ್‌ಗಳು ಬರುತ್ತಿದ್ದವು. ಯಾವುದೋ ದೇಶದ ಸಾಮಾನು ಇಳಿಸಿ ಬರಿದಾದ ಆ ಕಬ್ಬಿಣದ ಪೆಟ್ಟಿಗೆಗಳನ್ನು ಗುಡಿಸಿ ತೊಳೆದು, ಮತ್ತೆ ತುಂಬಿಸಲು ಮೂಡುಬಿದಿರೆಯ ಗೇರುಬೀಜದ ಕಾರ್ಖಾನೆಗೋ ಬೆಳ್ತಂಗಡಿಯ ರಬ್ಬರಿನವರಿಗೋ ಕಳಿಸಬೇಕು. ಕಳಿಸುವ ಮೊದಲು ಬೆಳಕು ನೋಡಬೇಕು. ಅದು ಸೇಸಮ್ಮನ ಕೆಲಸ.

ಅವಳು ಒಳಗೆ ಹೋಗಿ ನಿಂತರೆ ಹೊರಗಿನವರು ಬಾಗಿಲು ಹಾಕುತ್ತಿದ್ದರು. ಕತ್ತಲೆಗೆ ಕಣ್ಣು ಹೊಂದುವವರೆಗೆ ಕಾಯಬೇಕು. ತುಕ್ಕು ತಿಂದಲ್ಲಿ ಸೂಜಿಮೊನೆಯಷ್ಟು ಬೆಳಕು ಕಂಡರೂ ಪೆಟ್ಟಿಗೆ ವೆಲ್ಡಿಂಗಿಗೆ. ಕಾಣದಿದ್ದರೆ ಪಾಸು. ಗಂಡ ತೀರಿಕೊಂಡ ಮೇಲೆ ಹಿಡಿದ ಈ ಕೆಲಸದಲ್ಲಿ ಅವಳು ಅವಸರ ಮಾಡಿದ್ದನ್ನು ಯಾರೂ ಕಂಡಿಲ್ಲ.

ಈ ವರ್ಷ ಮಳೆ ಹಿಡಿಯುವ ಮೊದಲೇ ಪೆಟ್ಟಿಗೆಗಳೆಲ್ಲ ಪಾಸಾಗತೊಡಗಿದವು.

“ಸೇಸಮ್ಮಕ್ಕ, ವೆಲ್ಡಿಂಗಿನವ ನೊಣ ಹೊಡೀತಾ ಕೂತಿದ್ದಾನೆ. ಅವನ ಹೊಟ್ಟೆಗೆ ಯಾಕೆ ಹೊಡೀತೀರಿ?” ಎಂದು ಫೋರ್ಕ್‌ಲಿಫ್ಟ್ ಓಡಿಸುವ ಶಮೀರ್ ತಮಾಷೆ ಮಾಡಿದ.

“ಈಗ ಒಳ್ಳೇ ಪೆಟ್ಟಿಗೆ ಬರ್ತಾ ಉಂಟು ಮಾರಾಯ. ನಾನೇನು ಉಗುರಲ್ಲಿ ತೂತು ಮಾಡುದಾ?”

ಅವಳು ಹಾಗೆಯೇ ನಂಬಿದ್ದಳು. ಹಗಲಲ್ಲಿ ಅಕ್ಕಿಯೊಳಗಿನ ಕಲ್ಲು ಕಾಣುವ ಕಣ್ಣು ಅವಳದು. ಕತ್ತಲೆಯಲ್ಲಿ ಏನೂ ಕಾಣದಿದ್ದರೆ ಅದು ಪೆಟ್ಟಿಗೆಯ ಗುಣ, ಕಣ್ಣಿನ ದೋಷವೆಂದು ಯಾಕೆ ತಿಳಿಯಬೇಕು?

ಮಳೆ ಜಡಿಯುವ ಆಟಿ ತಿಂಗಳಲ್ಲಿ, ಅವಳು ಪಾಸು ಮಾಡಿದ ಪೆಟ್ಟಿಗೆಯಲ್ಲಿ ಮೂಡುಬಿದಿರೆಯಿಂದ ಹೋದ ಗೇರುಬೀಜ ಇಡಿಯಾಗಿ ನೆನೆದು ಬೂಸ್ಟು ಹಿಡಿಯಿತು. ಯಾರ್ಡ್ ನೋಡಿಕೊಳ್ಳುವ ರವಿರಾಜ ಜೈನರು ಬೈಯಲಿಲ್ಲ. ಮೂಲೆಯ ಒಂದು ಪೆಟ್ಟಿಗೆ ತೋರಿಸಿ, “ಸೇಸಮ್ಮ, ಇದನ್ನೊಮ್ಮೆ ನೋಡಿ ಹೇಳಿ. ಶಮೀರ್, ನೀನೂ ಹೋಗು” ಎಂದರು.

ಬಾಗಿಲು ಮುಚ್ಚಿತು. ಸೇಸಮ್ಮ ಎಂದಿಗಿಂತ ಹೆಚ್ಚು ಹೊತ್ತು ಕಾದಳು.

“ಇದು ಪಾಸು,” ಎಂದಳು.

ಶಮೀರ್ ಅವಳ ಕೈ ಹಿಡಿದು ಬೆರಳನ್ನು ತಗಡಿಗೆ ಮುಟ್ಟಿಸಿದ. ತುಕ್ಕಿನ ಚೂಪು ಅಂಚು ತಾಗಿತು.

“ಇಲ್ಲೊಂದು. ಪಕ್ಕದಲ್ಲಿ ಇನ್ನೊಂದು. ಮೇಲೆ ಜರಡಿಯ ಹಾಗೆ ಉಂಟು, ಸೇಸಮ್ಮಕ್ಕ.”

ಅವಳು ಕಣ್ಣು ಅರಳಿಸಿದಳು, ಕಿರಿದು ಮಾಡಿದಳು, ಸೆರಗಿನಿಂದ ಒರೆಸಿಕೊಂಡಳು.

“ಬಲಬದಿ ಎರಡು, ಮೇಲೆ ತುಂಬ ಅಂತ ಹೇಳಿಬಿಡಿ. ನಾನು ಬಾಯಿ ಬಿಡುದಿಲ್ಲ,” ಎಂದ ಶಮೀರ್ ಪಿಸುದನಿಯಲ್ಲಿ.

“ನಾಳೆಯದಕ್ಕೆ ಯಾರು ಹೇಳ್ತಾರೆ?”

ಬಾಗಿಲು ತೆರೆದಾಗ ಅವಳು ರವಿರಾಜರ ಮುಖವನ್ನು ಸರಿಯಾಗಿಯೇ ಕಂಡಳು. “ತೂತು ಉಂಟು ಧನಿಗಳೇ. ನನಗೆ ಕಾಣುವುದಿಲ್ಲ. ಗುಡಿಸುವುದಾದರೂ ಕೊಡಿ.”

“ಅದಕ್ಕೆ ಮೆಷಿನ್ ಬಂತಲ್ಲ ಸೇಸಮ್ಮ,” ಎಂದು ಅವರು ನೆಲ ನೋಡಿದರು.

ಮಂಗಳೂರಿನ ಡಾಕ್ಟರು ಇದು ಇರುಳುಗುರುಡು, ಕಣ್ಣಿನ ಒಳಪರದೆ ಒಣಗಿದೆ ಎಂದರು. ಹೋದದ್ದು ಬರುವುದಿಲ್ಲ, ಇದ್ದದ್ದು ಎಷ್ಟು ದಿನವೋ ಹೇಳಲಾಗದು. ಮನೆಗೆ ಬಂದವಳು ಬಾಗಿಲು, ಕಿಟಕಿ ಎರಡನ್ನೂ ಹಾಕಿ, ತಗಡಿನ ಮಾಡಿನ ಕೆಳಗೆ ಕುಳಿತಳು. ಮೊಳೆ ಕಿತ್ತುಹೋದ ತೂತುಗಳು ಎಲ್ಲೆಲ್ಲಿವೆ ಎಂದು ಅವಳಿಗೆ ಬಾಯಿಪಾಠ. ಮಳೆ ಬಂದಾಗ ಅವುಗಳ ಕೆಳಗೇ ಪಾತ್ರೆ ಇಡುವುದು. ಮಳೆ ಬಿಟ್ಟು ಹೊರಗೆ ಮಧ್ಯಾಹ್ನದ ಬಿಸಿಲು ಸುಡುತ್ತಿತ್ತು. ಅವಳು ಕತ್ತೆತ್ತಿ ಕಾದಳು. ಒಂದೂ ಹೊಳೆಯಲಿಲ್ಲ.