ನಗೆನಂಟ ಹೇಳಿದ ನಿಜ

ಆನ್ಸೆಲ್ಮ್ ತೋಯೆ ಬರೆದ ಮೂರು ಕಾದಂಬರಿಗಳಲ್ಲಿ ಒಂದನ್ನೂ ಅವನ ಊರಿನವರು ಓದಲಿಲ್ಲ. ಓದಬಾರದೆಂಬ ಹಟವೇನೂ ಅವರಿಗಿರಲಿಲ್ಲ. ತೋಮಾ ಸೀಮೆಯ ಆ ಹಳ್ಳಿಯಲ್ಲಿ ಫ್ರೆಂಚ್ ಬಲ್ಲವರೆಂದರೆ ಪಾದ್ರಿ, ಮೇಷ್ಟ್ರು ಮತ್ತು ಚುಚ್ಚುಮದ್ದು ಹಾಕುವ ನರ್ಸು. ಪಾದ್ರಿಗೆ ಕಾದಂಬರಿಯೆಂದರೆ ಪಾಪ, ಮೇಷ್ಟ್ರಿಗೆ ಹೊಟ್ಟೆಕಿಚ್ಚು, ನರ್ಸಿಗೆ ಪುರುಸೊತ್ತಿಲ್ಲ. ಬೋಬೊ ಪಟ್ಟಣದ ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸುತ್ತ, ಕೌಂಟರಿನ ಮುಂದೆ ಜನವಿಲ್ಲದ ಮಧ್ಯಾಹ್ನಗಳಲ್ಲಿ ತಂತಿ ಫಾರಮ್ಮುಗಳ ಹಿಂಬದಿಯಲ್ಲಿ ಅವನು ಹನ್ನೊಂದು ವರ್ಷ ಬರೆದದ್ದು ಪ್ಯಾರಿಸಿನಲ್ಲಿ ಅಚ್ಚಾಗಿ ಪ್ಯಾರಿಸಿನಲ್ಲೇ ಉಳಿಯಿತು.

ಮೂರನೆಯ ಪುಸ್ತಕ ಹಿಡಿದು ಊರಿಗೆ ಹೋದಾಗ ಅವನ ತಾಯಿ ಫಿಲೋಮೆನ್ ಅದನ್ನು ಕೈಗೆ ತೆಗೆದುಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿದಳು.

"ಇದ್ರಲ್ಲಿ ನಾನಿದೀನೇನೋ?"

"ಇದೀಯ ಅವ್ವ. ಇಡೀ ಪುಸ್ತಕ ನಿಂದೇ."

"ಮತ್ತೆ ನಂಗೇ ಕೇಳಿಸ್ತಾ ಇಲ್ವಲ್ಲೋ!"

ಅಷ್ಟು ಹೇಳಿ ಅವಳು ತೋ ಮುದ್ದೆ ತಿರುವಲು ಒಳಗೆ ಹೋದಳು. ಆನ್ಸೆಲ್ಮ್ ಅಂಚೆ ಕೆಲಸ ಬಿಟ್ಟದ್ದು ಆ ಮಾತಿನಿಂದಲೇ. ಮೂವತ್ತೆಂಟು ವರ್ಷದ ಗಂಡಸು ರಾಜಧಾನಿ ವಾಗಡೂಗುವಿಗೆ ಹೋಗಿ, ಮೀಸೆ ಮೂಡದ ಹುಡುಗರ ಜೊತೆ ಬೆಂಚಿನ ಮೇಲೆ ಕೂತು ಸಿನಿಮಾ ಕಲಿತ. ಜನ ಆಡಿಕೊಂಡರು. ಆಡಿಕೊಳ್ಳುವವರಿಗೇನು, ನಾಲಿಗೆಗೆ ಎಲುಬಿಲ್ಲ.

ನಾಲ್ಕು ವರ್ಷದ ಮೇಲೆ ಅವನು ತನ್ನ ಊರಿನಲ್ಲೇ, ಊರಿನವರನ್ನೇ ನಿಲ್ಲಿಸಿ, ಊರಿನ ಮಾತಿನಲ್ಲೇ ಒಂದು ಸಿನಿಮಾ ತೆಗೆದ. ಮಿಡತೆ ಬಿದ್ದ ವರ್ಷ ಒಬ್ಬ ಮುದುಕಿ ಹನ್ನೆರಡು ಮೊಮ್ಮಕ್ಕಳನ್ನು ಸಾಕಿದ ಕತೆ. ಮುದುಕಿಯ ಪಾತ್ರ ಫಿಲೋಮೆನಳದು. ಮಗ ಬರೆದುಕೊಟ್ಟ ಒಂದು ಮಾತನ್ನಾದರೂ ಅವಳು ಹೇಳಿದ್ದರೆ ಕೇಳಿ. ಒನಕೆ ಹಿಡಿದು ನಿಂತವಳೇ ತನಗೆ ತೋಚಿದ್ದನ್ನು ಹಾಡಿದಳು, ಸೊಸೆಯ ಪಾತ್ರದವಳನ್ನು ನಿಜವಾಗಿಯೂ ಬೈದಳು, ಕ್ಯಾಮೆರಾದ ಹಿಂದಿದ್ದ ಮಗನಿಗೆ "ಊಟ ಮಾಡಿದ್ಯೇನೋ" ಎಂದು ಕೇಳಿದಳು. ಆನ್ಸೆಲ್ಮ್ ಯಾವುದನ್ನೂ ಕತ್ತರಿಸಲಿಲ್ಲ. ಅದೇ ಆ ಸಿನಿಮಾದ ಜೀವ.

ಅವಳ ಬಾಯಿಯ ಮುಂದೆ ಮೈಕು ಹಿಡಿದು ನಿಂತವನು ರಸ್ಮಾನೆ ನಿಕಿಯೆಮ. ಅವನು ಮೊಸ್ಸಿ ಕುಲದವನು, ಆನ್ಸೆಲ್ಮ್ ಸಾಮೊ ಕುಲದವನು. ಸಾಮೊಗಳಿಗೂ ಮೊಸ್ಸಿಗಳಿಗೂ ಅಜ್ಜಂದಿರ ಕಾಲದಿಂದ ನಗೆನಂಟು. ಮುಖ ಕಂಡ ತಕ್ಷಣ ಬೈದುಕೊಳ್ಳಬೇಕು, ಬೈಸಿಕೊಂಡವನು ಸಿಟ್ಟಾಗಕೂಡದು. ನಗೆನಂಟನ ಬಾಯಿಂದ ಗಂಭೀರವಾದ ಮಾತು ಬಂದರೆ ನಂಟಿಗೇ ಅವಮಾನ. ಅಂಥದ್ದೇನಾದರೂ ಇದ್ದರೆ ಮೂರನೆಯವನ ಬಾಯಲ್ಲಿ ಹೇಳಿಸಬೇಕು. ಹಾಗಾಗಿ ಮೂರು ತಿಂಗಳ ಚಿತ್ರೀಕರಣವೂ ಹೀಗೇ ನಡೆಯಿತು:

"ಲೋ ನಾಯಿ ತಿನ್ನೋನೆ, ನಿಮ್ಮವ್ವನ ದನಿಗೆ ನನ್ನ ಮಿಷೀನೇ ಹೆದರ್ಕೊಂಡಿದೆ!"

"ಸರಿಯಾಗಿ ಹಿಡ್ಕೊಳೋ ಗುಲಾಮ. ನಿಮ್ಮಪ್ಪ ಕತ್ತೆ ಹಗ್ಗ ಹಿಡಿದಂಗೆ ಹಿಡೀಬೇಡ."

ಸಿನಿಮಾ ರಾಜಧಾನಿಯ ಉತ್ಸವದಲ್ಲಿ ಒಂದೇ ಒಂದು ಸಲ ಓಡಿತು. ಪ್ರಶಸ್ತಿಯೂ ಬಂತು. ಆ ದಿನ ಫಿಲೋಮೆನಳಿಗೆ ಮೈಯಲ್ಲಿ ಜ್ವರ, ಬರಲಾಗಲಿಲ್ಲ. "ಊರಿಗೇ ತರ್ತೀನಿ ಅವ್ವ" ಅಂದ ಮಗ. ತರಬಹುದಿತ್ತು. ಆದರೆ ಎರಡನೆಯ ಸಿನಿಮಾ ಇನ್ನೇನು ಶುರುವಾಗುತ್ತದೆ, ಎರಡನ್ನೂ ಒಟ್ಟಿಗೆ ಒಯ್ದು ಹಬ್ಬದಂತೆ ತೋರಿಸುತ್ತೇನೆ ಎಂಬ ಹಮ್ಮು ಅವನಿಗೆ. ಎರಡನೆಯದಕ್ಕಾಗಿ ಹದಿನಾಲ್ಕು ವರ್ಷ ಪ್ಯಾರಿಸಿಗೆ ಅರ್ಜಿ ಬರೆದ. ಪ್ಯಾರಿಸಿನವರು ಹದಿನಾಲ್ಕು ವರ್ಷವೂ ಬಹಳ ಸೌಜನ್ಯದಿಂದ ಉತ್ತರ ಬರೆದರು. ಅಷ್ಟರಲ್ಲಿ ನೆಗೆಟಿವ್ ಇಟ್ಟುಕೊಂಡಿದ್ದ ಅಲ್ಲಿನ ಲ್ಯಾಬು ಬಾಗಿಲು ಹಾಕಿತು, ಒಳಗಿದ್ದದ್ದೆಲ್ಲ ಗುಜರಿಗೆ ಹೋಯಿತು. ಉಳಿದದ್ದು ವಾಗಡೂಗುವಿನ ಉಗ್ರಾಣವೊಂದರಲ್ಲಿದ್ದ ಒಂದೇ ಪ್ರತಿ, ಆರು ಡಬ್ಬಿ. ಉಗ್ರಾಣ ನೋಡಿಕೊಳ್ಳುತ್ತಿದ್ದವನು ರಸ್ಮಾನೆಯೇ. ಮೈಕು ಹಿಡಿಯುವ ಕೆಲಸ ಯಾರಿಗೂ ಬೇಡವಾದಾಗ ಸಿಕ್ಕಿದ ನೌಕರಿ ಅದು.

ಉಗ್ರಾಣದ ತಂಪುಯಂತ್ರ ಕೆಟ್ಟ ವರ್ಷ ರಸ್ಮಾನೆ ಜೋಳದ ಹೆಂಡ ದೋಲೋ ಮಾರುವ ಅಂಗಡಿಯಲ್ಲಿ ಸಿಕ್ಕವನೇ ಶುರುಮಾಡಿದ.

"ನಿನ್ನ ಸಿನಿಮಾ ನಾರ್ತಾ ಇದೆ ಕಣೋ ನಾಯಿ ತಿನ್ನೋನೆ. ಹಳಸಿದ ದೋಲೋ ಥರ ಹುಳಿ ವಾಸ್ನೆ. ಎತ್ಕೊಂಡ್ಹೋಗು."

"ಸ್ನಾನ ಮಾಡೋ ಗುಲಾಮ. ನಾರ್ತಿರೋದು ನೀನು."

ಅಂಗಡಿಯೆಲ್ಲ ಬಿದ್ದು ಬಿದ್ದು ನಕ್ಕಿತು. ರಸ್ಮಾನೆಯೂ ನಕ್ಕ, ನಗದೆ ಇರುವುದು ಹೇಗೆ? ಮರುವರ್ಷವೂ ಅದೇ ಮಾತು, ಅದೇ ನಗು. ಆನ್ಸೆಲ್ಮ್ ಅದನ್ನು ಗೆಳೆಯರಿಗೆ ಹೇಳಿ ನಗಿಸುತ್ತಿದ್ದ. ಕೊನೆಗೊಮ್ಮೆ ರಸ್ಮಾನೆ ಕಚೇರಿಯ ಕಾಗದದಲ್ಲಿ, ಮೊಹರು ಒತ್ತಿ, ಪತ್ರವನ್ನೇ ಬರೆದ: 'ಮಾನ್ಯರೇ, ತಮ್ಮ ಚಿತ್ರದ ಸುರುಳಿಗಳು ಕೆಡುತ್ತಿವೆ. ದಯವಿಟ್ಟು ಕೂಡಲೇ ಕ್ರಮ ಕೈಗೊಳ್ಳಿ.' ಒಂದು ಬೈಗುಳವಿಲ್ಲ, ಕತ್ತೆಯಿಲ್ಲ, ನಾಯಿಯಿಲ್ಲ. ನಗೆನಂಟನೊಬ್ಬ ತನ್ನನ್ನು 'ಮಾನ್ಯರೇ' ಎನ್ನುವುದೇ! ಇಷ್ಟು ದೊಡ್ಡ ಹಾಸ್ಯ ಯಾವ ಮೊಸ್ಸಿಯೂ ಯಾವ ಸಾಮೊನಿಗೂ ಮಾಡಿರಲಿಲ್ಲ. ಆನ್ಸೆಲ್ಮ್ ಆ ಪತ್ರಕ್ಕೆ ಗಾಜು ಹಾಕಿಸಿ ಗೋಡೆಗೆ ತೂಗುಹಾಕಿದ. ಬಂದವರಿಗೆಲ್ಲ ಓದಿ ಹೇಳಿ, ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ.

ಫಿಲೋಮೆನ್ ಸತ್ತಳು. ತನ್ನ ಸಿನಿಮಾ ನೋಡದೆಯೇ ಸತ್ತಳು. ಹೂಳಿದ ದಿನದಿಂದ ಊರಿನ ಹೆಂಗಸರು ನಿಯಮದಂತೆ ಮೂರು ದಿನ ಅತ್ತು ಮುಗಿಸಿದರು. ಮುಗಿಸಿದ ಮೇಲೆ ಮತ್ತೆ ಅಳುವಂತಿಲ್ಲ. ಮೂರು ವರ್ಷದ ನಂತರ ಬರುವ ದೊಡ್ಡ ತಿಥಿಗೆ ದೋಲೋ, ಕುಣಿತ, ನಗು ಮಾತ್ರ. ಆ ತಿಥಿ ಹತ್ತಿರ ಬಂದಾಗ ಚಿಕ್ಕಮ್ಮ ಅಪೋಲಿನ್ ಹೇಳಿಕಳಿಸಿದಳು: "ಫೋಟೋ ಅಂದ್ರೆ ಗುರುತಿನ ಚೀಟೀಲಿರೋದೊಂದೇ, ಅದ್ರಲ್ಲಿ ಅವ್ಳು ಕಳ್ಳಿ ಥರ ಕಾಣ್ತಾಳೆ. ಸಿನಿಮಾ ತಾರೋ ಮಗಾ. ಅಕ್ಕ ಬೈಯೋದನ್ನ ಮರಿಮಕ್ಕಳು ಒಂದ್ಸಲ ಕೇಳಿಸ್ಕೊಳ್ಳಿ."

ಆನ್ಸೆಲ್ಮ್ ಉಗ್ರಾಣಕ್ಕೆ ಹೋದ. ರಸ್ಮಾನೆ ಅವನನ್ನು ನೋಡಿ ಬೈಯಲಿಲ್ಲ. ಕೀಲಿ ತೆಗೆದು ಪಕ್ಕಕ್ಕೆ ಸರಿದ. ಒಳಗಿನ ಹುಳಿ ವಾಸನೆ ಕಣ್ಣಿಗೇ ಹೊಡೆಯಿತು. ಮೊದಲ ಡಬ್ಬಿಯ ಮುಚ್ಚಳ ತೆಗೆದರೆ ಸುರುಳಿ ಸುಕ್ಕುಗಟ್ಟಿ ಒಂದೇ ಮುದ್ದೆಯಾಗಿತ್ತು. ಬೆರಳು ತಾಗಿದ ಕಡೆ ಪುಡಿ ಉದುರಿತು. ಆರೂ ಡಬ್ಬಿಗಳನ್ನು ತೆಗೆದರು. ಆರನೆಯದು ತೆಗೆಯುವ ಅಗತ್ಯವೇ ಇರಲಿಲ್ಲ, ಆದರೂ ತೆಗೆದರು.

"ಹೇಳಿದ್ನಲ್ಲೋ," ಅಂದ ರಸ್ಮಾನೆ. "ಎಂಟು ವರ್ಷದಿಂದ ಬಡ್ಕೊಂಡೆ."

"ನೀನು ಹೇಳಿದ್ರೆ ನಾನು ಹೆಂಗೋ ನಂಬ್ಲಿ? ಮೂರನೆಯವನ ಕೈಲಿ ಹೇಳಿಸ್ಬೇಕಿತ್ತು."

"ಯಾರ ಕೈಲಿ? ಎಲ್ರನ್ನೂ ಕೆಲಸದಿಂದ ತೆಗೆದ್ರು. ಈ ಕಟ್ಟಡದಲ್ಲಿ ಉಳಿದಿರೋ ಮನುಷ್ಯ ನಾನೊಬ್ನೇ ಕಣೋ."

ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು ಎನ್ನುತ್ತಾರೆ. ಆನ್ಸೆಲ್ಮನಿಗೆ ಬುದ್ಧಿ ಬಂದು ಆಗಬೇಕಾದ್ದಾದರೂ ಏನಿತ್ತು?

ಊರಿಗೆ ಹೇಳಿಕಳಿಸುವ ಧೈರ್ಯ ಅವನಿಗೆ ಬರಲಿಲ್ಲ. ನಾಳೆ, ನಾಳೆ ಎನ್ನುತ್ತಲೇ ತಿಥಿಯ ದಿನ ಬಂದುಬಿಟ್ಟಿತು. ಅವನೂ ರಸ್ಮಾನೆಯೂ ಬಸ್ಸಿಳಿದಾಗ ಅಂಗಳದಲ್ಲಿ ಎರಡು ಬಿಳಿ ಬಟ್ಟೆ ಸೇರಿಸಿ ಹೊಲಿದು ಬೇವಿನ ಮರಗಳ ನಡುವೆ ಪರದೆ ಕಟ್ಟಿದ್ದರು. ಸೂರ್ಯ ಇನ್ನೂ ಮುಳುಗಿರಲಿಲ್ಲ. ಮಕ್ಕಳು ಆಗಲೇ ಮುಂದಿನ ಸಾಲು ಹಿಡಿದು ಕೂತಿದ್ದರು. ದೋಲೋ ತುಂಬಿದ ಸೋರೆ ಬುರುಡೆಗಳು ಕೈಯಿಂದ ಕೈಗೆ ಹೋಗುತ್ತಿದ್ದವು.

ಇಂಥ ತಿಥಿಯಲ್ಲಿ ನಗೆನಂಟನಿಗೆ ಒಂದು ಕೆಲಸವಿದೆ. ಸತ್ತವರ ಬಟ್ಟೆ ಉಟ್ಟು, ಅವರ ಹಾಗೆ ನಡೆದು, ಅವರ ಹಾಗೆ ಬೈದು ಎಲ್ಲರನ್ನೂ ನಗಿಸಬೇಕು. ಅಪೋಲಿನ್ ತನ್ನ ಅಕ್ಕನ ನೀಲಿ ಸುತ್ತುಬಟ್ಟೆ ತಂದು ರಸ್ಮಾನೆಯ ಕೈಗಿಟ್ಟಳು.

"ಉಟ್ಕೊಳೋ ಗುಲಾಮ. ನಮ್ಮಕ್ಕನ ಥರ ನಡೆದು ತೋರಿಸು. ಆಮೇಲೆ ಅವಳನ್ನೇ ನೋಡೋಣ."

ರಸ್ಮಾನೆ ಬಟ್ಟೆ ಉಡಲಿಲ್ಲ. ಅದನ್ನು ಎದೆಗೆ ಹಿಡಿದುಕೊಂಡೇ ಅಂಗಳದ ನಡುವೆ ಮಂಡಿಯೂರಿದ.

"ಹಿರಿಯರೇ, ತಪ್ಪಾಯ್ತು," ಅಂದ. "ಸಿನಿಮಾ ಇಲ್ಲ. ನನ್ನ ಕಾವಲಿನಲ್ಲಿ ಕೊಳೆತುಹೋಯ್ತು. ಕ್ಷಮಿಸಿ."

ಅಂಗಳದಲ್ಲಿ ನಗು ಸಿಡಿಯಿತು. ಮೊಸ್ಸಿಯೊಬ್ಬ ಸಾಮೊಗಳ ಮುಂದೆ ಮಂಡಿಯೂರಿ ಕ್ಷಮೆ ಕೇಳುವುದೆಂದರೇನು! ಮುದುಕರು ಕೋಲಿನಿಂದ ನೆಲ ಬಡಿದರು. ಹೆಂಗಸರು ಒಬ್ಬರ ಮೇಲೊಬ್ಬರು ವಾಲಿದರು. "ಇನ್ನೊಂದ್ಸಲ ಹೇಳೋ!" ಎಂದು ಯಾರೋ ಕೂಗಿದರು. ರಸ್ಮಾನೆಯ ಕಣ್ಣಲ್ಲಿ ನೀರು ಬಂತು; ಅದನ್ನು ಕಂಡು ನಗು ಇಮ್ಮಡಿಯಾಯಿತು. ಆನ್ಸೆಲ್ಮ್ ಅದನ್ನು ನೋಡುತ್ತ ನಿಂತ. ಎಂಟು ವರ್ಷ ತಾನು ನಕ್ಕದ್ದೂ ಹೀಗೆಯೇ ಎಂದು ಅವನಿಗೆ ಗೊತ್ತಾಯಿತು.

"ನಗಬೇಡ್ರಪ್ಪಾ," ಎಂದು ಅವನು ಕೂಗಿದ. "ನಿಜ ಹೇಳ್ತಿದಾನೆ."

ಇನ್ನೂ ನಕ್ಕರು. ಆಗ ಅವನೂ ಹೋಗಿ ರಸ್ಮಾನೆಯ ಪಕ್ಕದಲ್ಲಿ ಮಂಡಿಯೂರಿದ. ನಗೆನಂಟ ಅಳುವಂತೆ ನಟಿಸಬಹುದು. ಹೆತ್ತ ಮಗ ತಾಯಿಯ ತಿಥಿಯಲ್ಲಿ ನಟಿಸುವುದಿಲ್ಲ. ನಗು ಮುಂದಿನ ಸಾಲಿನಿಂದ ಹಿಂದಿನ ಸಾಲಿಗೆ ಮೆಲ್ಲಗೆ ನಿಂತುಹೋಯಿತು.

ಅಪೋಲಿನ್ ಬಂದು ಅವನ ಗಲ್ಲ ಹಿಡಿದೆತ್ತಿದಳು.

"ನಿಜವೇನೋ ಮಗಾ?"

"ನಿಜ ಚಿಕ್ಕಮ್ಮ."

"ಹಾಡು?"

"ಇಲ್ಲ."

"ಬೈಗುಳ? ಒಂದಾದ್ರೂ?"

"ಒಂದೂ ಇಲ್ಲ ಚಿಕ್ಕಮ್ಮ. ಎಲ್ಲೂ ಇಲ್ಲ."

ಮುದುಕಿ ಅವನ ಗಲ್ಲ ಬಿಟ್ಟಳು. ಬಿಳಿ ಬಟ್ಟೆಯ ಕಡೆ ಒಮ್ಮೆ ನೋಡಿದಳು.

"ಹಾಗಾದ್ರೆ ಅಕ್ಕ ಸತ್ತಿದ್ದು ಇವತ್ತು," ಅಂದಳು.

ತಲೆಯ ಬಟ್ಟೆ ಬಿಚ್ಚಿ ನೆಲದ ಮೇಲೆ ಕೂತು ದನಿ ತೆಗೆದಳು. ಮೂರು ವರ್ಷದ ಹಿಂದೆ ಅತ್ತು ಮುಗಿಸಿದ್ದ ಹೆಂಗಸರು ಒಬ್ಬೊಬ್ಬರಾಗಿ ಬುರುಡೆ ಕೆಳಗಿಟ್ಟು ಬಂದು, ಅವಳ ಸುತ್ತ ಕೂತು, ಮೊದಲಿನಿಂದ ಅಳಲು ಶುರುಮಾಡಿದರು.